ಯಾವುದನ್ನು ಬಿಡಬೇಕು ಎಂಬ ಲೆಕ್ಕ

1947ರ ಫೆಬ್ರವರಿಯಲ್ಲಿ ಬ್ರಿಟನ್ ಚಳಿಗೆ ಮರಗಟ್ಟಿತ್ತು. ಹಳಿಗಳ ಮೇಲೆ ಹಿಮ ಬಿದ್ದು ಕಲ್ಲಿದ್ದಲಿನ ರೈಲುಗಳು ನಿಂತಲ್ಲೇ ನಿಂತಿದ್ದವು. ಕಾರ್ಖಾನೆಗಳಿಗೆ ವಿದ್ಯುತ್ತಿಲ್ಲ, ಮನೆಗಳಲ್ಲಿ ಗಂಟೆಗಟ್ಟಲೆ ಕತ್ತಲೆ. ಮಹಾಯುದ್ಧ ಗೆದ್ದ ದೇಶ ಹಿಂದಿನ ವರ್ಷವಷ್ಟೇ ಅಮೆರಿಕದಿಂದ 375 ಕೋಟಿ ಡಾಲರ್ ಸಾಲ ಎತ್ತಿ ದಿನ ದೂಡುತ್ತಿತ್ತು. ಆ ತಿಂಗಳ ಒಂದೇ ವಾರದಲ್ಲಿ ಲಂಡನ್ನಿನಿಂದ ಮೂರು ಸುದ್ದಿ ಹೊರಬಿದ್ದವು. 18ರಂದು ವಿದೇಶಾಂಗ ಸಚಿವ ಅರ್ನೆಸ್ಟ್ ಬೆವಿನ್, ಪ್ಯಾಲೆಸ್ಟೈನಿನ ತಲೆನೋವನ್ನು ವಿಶ್ವಸಂಸ್ಥೆಗೆ ಒಪ್ಪಿಸುವುದಾಗಿ ಸಂಸತ್ತಿಗೆ ತಿಳಿಸಿದರು. 20ರಂದು ಪ್ರಧಾನಿ ಕ್ಲೆಮೆಂಟ್ ಆಟ್ಲಿ, 1948ರ ಜೂನ್ ಒಳಗೆ ಭಾರತವನ್ನು ಬಿಟ್ಟು ಹೊರಡುತ್ತೇವೆ ಎಂದರು. 21ರ ಶುಕ್ರವಾರ ವಾಷಿಂಗ್ಟನ್ನಿನ ಬ್ರಿಟಿಷ್ ರಾಯಭಾರ ಕಚೇರಿಯ ಅಧಿಕಾರಿಯೊಬ್ಬರು ಅಮೆರಿಕದ ವಿದೇಶಾಂಗ ಇಲಾಖೆಗೆ ಎರಡು ಟಿಪ್ಪಣಿ ತಂದುಕೊಟ್ಟರು. ಗ್ರೀಸ್ ಮತ್ತು ಟರ್ಕಿಗೆ ತಾವು ಕೊಡುತ್ತಿದ್ದ ನೆರವು ಮಾರ್ಚ್ 31ಕ್ಕೆ ನಿಲ್ಲುತ್ತದೆ, ಮುಂದಿನದನ್ನು ನೀವು ನೋಡಿಕೊಳ್ಳಿ ಎಂಬುದು ಅವುಗಳ ಸಾರ. ಟಿಪ್ಪಣಿ ತೆಗೆದುಕೊಂಡವರು ಲಾಯ್ ಹೆಂಡರ್ಸನ್. ಮರುವರ್ಷ ಅವರೇ ಅಮೆರಿಕದ ರಾಯಭಾರಿಯಾಗಿ ದೆಹಲಿಗೆ ಬಂದರು.

ನಮ್ಮ ಶಾಲಾ ಪುಸ್ತಕಗಳಲ್ಲಿ ಈ ಮೂರರ ಪೈಕಿ ಎರಡನೆಯದು ಮಾತ್ರ ಇದೆ. ಅದೂ ನಮ್ಮ ಹೋರಾಟದ ಫಲವಾಗಿ. ಹೋರಾಟ ನಿಜ. ಆದರೆ ಲಂಡನ್ನಿನ ಕಡೆಯಿಂದ ನೋಡಿದರೆ ಮೂರೂ ಒಂದೇ ನಿರ್ಧಾರದ ಮೂರು ತುಂಡುಗಳು. ಹಾಸಿಗೆ ಮೋಟಾಗಿದೆ, ಕಾಲು ಮಡಚಬೇಕು. ಎಲ್ಲಿಂದ ಮಡಚುವುದು? ಭಾರತ, ಪ್ಯಾಲೆಸ್ಟೈನ್, ಗ್ರೀಸ್ ಬಿಟ್ಟರೆ ಉಳಿದ ಶಕ್ತಿಯಲ್ಲಿ ಏನನ್ನು ಕಾಪಾಡಿಕೊಳ್ಳಬಹುದು? ಇಂಥ ಪ್ರಶ್ನೆಗೆ ಒಂದು ದೇಶ ಕೊಟ್ಟುಕೊಳ್ಳುವ ಉತ್ತರವನ್ನೇ ವಿದೇಶಾಂಗ ಶಾಸ್ತ್ರದವರು ಗ್ರ್ಯಾಂಡ್ ಸ್ಟ್ರಾಟಜಿ ಎನ್ನುತ್ತಾರೆ. ನಾವು ಮಹಾತಂತ್ರ ಎನ್ನೋಣ. ಸೇನಾಪತಿಯ ತಂತ್ರ ಯುದ್ಧ ಗೆಲ್ಲುವುದಕ್ಕೆ. ಮಹಾತಂತ್ರಕ್ಕೆ ಯುದ್ಧವೂ ಒಂದು ಉಪಕರಣ ಮಾತ್ರ. ಬೊಕ್ಕಸ, ವ್ಯಾಪಾರ, ಮಿತ್ರರು, ಕಾರ್ಖಾನೆ, ಮನೆಯೊಳಗಿನ ಜನರ ತಾಳ್ಮೆ, ಎಲ್ಲವೂ ಅದರ ಲೆಕ್ಕಕ್ಕೆ ಬರುತ್ತವೆ. ಲೆಕ್ಕದ ಅವಧಿ ದಶಕಗಳು.

ಈ ವಿಷಯದ ಪುಸ್ತಕಗಳಲ್ಲಿ ಸಾಮಾನ್ಯವಾಗಿ ದೇಶಗಳು ಏನು ಸಾಧಿಸಲು ಹೊರಟವು ಎಂಬ ಕಥೆಯೇ ಹೆಚ್ಚು. ನನಗೆ ಕುತೂಹಲವಿರುವುದು ಅವು ಏನನ್ನು ಬೇಡವೆಂದವು, ಬೇಡವೆಂದದ್ದನ್ನು ಎಷ್ಟು ದಿನ ಬೇಡವೆಂದೇ ಇಟ್ಟುಕೊಂಡವು ಎಂಬುದರಲ್ಲಿ. ಇದನ್ನು ನೋಡಲು ಅಮೆರಿಕ ಸೋವಿಯತ್ ಒಕ್ಕೂಟದ ವಿರುದ್ಧ ನಡೆಸಿದ ನಾಲ್ಕು ದಶಕಗಳ ತಡೆನೀತಿಗಿಂತ ಒಳ್ಳೆಯ ಉದಾಹರಣೆ ಸಿಗದು. ಅದರ ಕಾಗದಪತ್ರಗಳಲ್ಲಿ ಬಹುಪಾಲು ಈಗ ತೆರೆದುಕೊಂಡಿವೆ. ಯಾರು ಯಾವ ಕೋಣೆಯಲ್ಲಿ ಏನು ಬರೆದರು ಎಂಬುದೂ ಗೊತ್ತು.

ಆ ನೀತಿಯ ಮೂಲಪುರುಷ ಜಾರ್ಜ್ ಕೆನನ್, ಮಾಸ್ಕೋದ ಅಮೆರಿಕನ್ ರಾಯಭಾರ ಕಚೇರಿಯಲ್ಲಿದ್ದ ರಾಜತಾಂತ್ರಿಕ. 1946ರ ಫೆಬ್ರವರಿಯಲ್ಲಿ ರಾಯಭಾರಿ ಊರಲ್ಲಿರಲಿಲ್ಲ, ಕೆನನ್ ಕಾಯಿಲೆ ಬಿದ್ದು ಹಾಸಿಗೆಯಲ್ಲಿದ್ದರು. ವಿಶ್ವಬ್ಯಾಂಕ್ ಮತ್ತು ಅಂತರರಾಷ್ಟ್ರೀಯ ಹಣಕಾಸು ನಿಧಿಗೆ ಸೇರಲು ರಷ್ಯನ್ನರು ಯಾಕೆ ಹಿಂದೆಮುಂದೆ ನೋಡುತ್ತಿದ್ದಾರೆಂದು ವಾಷಿಂಗ್ಟನ್ನಿನ ಖಜಾನೆ ಇಲಾಖೆ ಕೇಳಿತ್ತು. ಒಂದು ಪುಟದ ಉತ್ತರ ಸಾಕಾಗುತ್ತಿದ್ದ ಪ್ರಶ್ನೆ. ವರ್ಷಗಳಿಂದ ತಾನು ಹೇಳುತ್ತಿದ್ದುದನ್ನು ಯಾರೂ ಕಿವಿಗೆ ಹಾಕಿಕೊಳ್ಳುತ್ತಿಲ್ಲವೆಂದು ಬೇಸತ್ತಿದ್ದ ಕೆನನ್, ಫೆಬ್ರವರಿ 22ರಂದು ಐದು ಭಾಗಗಳ ತಂತಿಯನ್ನೇ ಕಳಿಸಿಬಿಟ್ಟರು. 'ಲಾಂಗ್ ಟೆಲಿಗ್ರಾಂ' ಎಂದು ಇಂದು ಹೆಸರಾಗಿರುವುದು ಅದೇ. ಸರ್ಕಾರಿ ಪತ್ರಗಳಿಗೆ ಬರುವ ಉದ್ದುದ್ದ ಉತ್ತರಗಳ ಗತಿ ಏನಾಗುತ್ತದೆಂದು ನಮಗೆಲ್ಲ ಗೊತ್ತು. ಇದೊಂದು ಮಾತ್ರ ಬಚಾವಾಯಿತು. ನೌಕಾ ಸಚಿವ ಜೇಮ್ಸ್ ಫಾರೆಸ್ಟಲ್ ಅದರ ಪ್ರತಿಗಳನ್ನು ಮಾಡಿಸಿ ಅಧಿಕಾರಿಗಳಿಗೆಲ್ಲ ಹಂಚಿದರು.

ಕೆನನ್ ವಾದ ಹೀಗಿತ್ತು. ಸ್ಟಾಲಿನ್ನರ ರಷ್ಯಾ ಹಿಟ್ಲರನಂತೆ ದಿನ ಗೊತ್ತುಮಾಡಿಕೊಂಡು ಯುದ್ಧಕ್ಕೆ ಹೊರಡುವುದಿಲ್ಲ. ಎಲ್ಲಿ ಸಡಿಲ ಸಿಕ್ಕಿದರೆ ಅಲ್ಲಿ ನುಗ್ಗುತ್ತದೆ, ಗಟ್ಟಿ ಪ್ರತಿರೋಧ ಕಂಡರೆ ಹಿಂದೆ ಸರಿಯುತ್ತದೆ. ಅದರೊಂದಿಗೆ ಸ್ನೇಹವೂ ಬೇಡ, ಯುದ್ಧವೂ ಬೇಡ. ಮುಖ್ಯ ಜಾಗಗಳಲ್ಲಿ ಸಡಿಲ ಬಿಡದೆ ದಶಕಗಳ ಕಾಲ ಕಾದರೆ, ಒಳಗಿನ ಹುಳುಕಿನಿಂದ ಅದೇ ಬದಲಾಗುತ್ತದೆ ಅಥವಾ ಕುಸಿಯುತ್ತದೆ. ಇನ್ನೊಂದು ಮಹಾಯುದ್ಧ ಅಥವಾ ಶರಣಾಗತಿ ಎಂದು ಎರಡೇ ದಾರಿ ಕಾಣುತ್ತಿದ್ದವರಿಗೆ ಈ ಮೂರನೆಯದು ದೊಡ್ಡ ನಿರಾಳ ತಂದಿತು.

ಯಾವ ಜಾಗ ಮುಖ್ಯ? ಇಲ್ಲಿಯೇ ಕೆನನ್ನರ ನಿಜವಾದ ಹೆಚ್ಚುಗಾರಿಕೆ. ಆಧುನಿಕ ಯುದ್ಧಕ್ಕೆ ಬೇಕಾದ ಉಕ್ಕು, ಕಲ್ಲಿದ್ದಲು, ಯಂತ್ರ, ತಂತ್ರಜ್ಞರು ಒಟ್ಟಿಗೆ ಸಿಗುವ ಸ್ಥಳಗಳು ಜಗತ್ತಿನಲ್ಲಿ ಐದೇ ಎಂದು ಅವರು ಎಣಿಸಿದರು: ಅಮೆರಿಕ, ಬ್ರಿಟನ್, ಜರ್ಮನಿಯ ರೈನ್ ಕಣಿವೆ ಮತ್ತು ಅದರ ಸುತ್ತಿನ ಕೈಗಾರಿಕಾ ಸೀಮೆ, ಜಪಾನ್, ಸೋವಿಯತ್ ಒಕ್ಕೂಟ. ಐದರಲ್ಲಿ ಒಂದು ಮಾತ್ರ ಮಾಸ್ಕೋದ ಕೈಯಲ್ಲಿದೆ. ಉಳಿದ ನಾಲ್ಕು ಹೋಗದಂತೆ ನೋಡಿಕೊಂಡರೆ ಸಾಕು. ಪಟ್ಟಿಯಲ್ಲಿ ಚೀನಾ ಇಲ್ಲ, ಭಾರತವೂ ಇಲ್ಲ. ಓದುವಾಗ ನಮಗೆ ಚುರುಕ್ಕೆನ್ನಬಹುದು. ಆದರೆ ನಮ್ಮನ್ನು ಪಟ್ಟಿಯ ಹೊರಗಿಟ್ಟ ಆ ಲೆಕ್ಕಾಚಾರ ಮುಂದೆ ನಮ್ಮಂಥವರನ್ನೆಲ್ಲ ಒಳಗೆ ಎಳೆದುಕೊಂಡ ಲೆಕ್ಕಾಚಾರಕ್ಕಿಂತ ಏಷ್ಯಾಕ್ಕೆ ಹಿತವಾಗಿತ್ತು ಎಂದೇ ನನ್ನ ಅನಿಸಿಕೆ.

ಈಗ ಗ್ರೀಸ್ ಟಿಪ್ಪಣಿಗೆ ಬರೋಣ. ಗ್ರೀಸಿನಲ್ಲಿ ಕಮ್ಯುನಿಸ್ಟ್ ಗೆರಿಲ್ಲಾಗಳು ಸರ್ಕಾರದ ವಿರುದ್ಧ ಹೋರಾಡುತ್ತಿದ್ದರು. ಬ್ರಿಟಿಷರು ಹೊರಟರೆ ಆ ಜಾಗ ಯಾರದು? ಅಧ್ಯಕ್ಷ ಹ್ಯಾರಿ ಟ್ರೂಮನ್ ಮುಂದಾಗಲು ಸಿದ್ಧರಿದ್ದರು, ಹಣ ಕೊಡಬೇಕಾದದ್ದು ಕಾಂಗ್ರೆಸ್. ಅಲ್ಲಿ ಬಹುಮತ ಎದುರಾಳಿ ರಿಪಬ್ಲಿಕನ್ನರದು. ತೆರಿಗೆ ಇಳಿಸುತ್ತೇವೆ ಎಂದು ಗೆದ್ದುಬಂದವರು. ದೂರದ ಗ್ರೀಸಿನ ಭೂಪಟ ಮುಂದಿಟ್ಟು, ಪೂರ್ವ ಮೆಡಿಟರೇನಿಯನ್ನಿನ ಮಹತ್ವ ವಿವರಿಸಿದರೆ ಅಂಥವರ ಕೈಯಿಂದ ದುಡ್ಡು ಬಿಚ್ಚೀತೆ? ವಿದೇಶಾಂಗ ಇಲಾಖೆಯ ಎರಡನೆಯ ಸ್ಥಾನದಲ್ಲಿದ್ದ ಡೀನ್ ಅಚೆಸನ್ ಕಾಂಗ್ರೆಸ್ ನಾಯಕರ ಮುಂದೆ ಬೇರೆ ರಾಗ ತೆಗೆದರು. ಗ್ರೀಸ್ ಹೋದರೆ ಟರ್ಕಿ, ಇರಾನ್, ಈಜಿಪ್ಟ್, ಇಟಲಿ, ಫ್ರಾನ್ಸ್, ಒಂದರ ಹಿಂದೆ ಒಂದು ಹೋಗುತ್ತವೆ ಎಂದರು. ಮಾರ್ಚ್ 12ರಂದು ಟ್ರೂಮನ್ ಕೇಳಿದ್ದು 40 ಕೋಟಿ ಡಾಲರ್, ಅದೂ ಎರಡು ದೇಶಗಳಿಗೆ. ಆದರೆ ಭಾಷಣದಲ್ಲಿ ಅವರು ಕೊಟ್ಟ ಮಾತು ಎರಡು ದೇಶಗಳಿಗೆ ಸೀಮಿತವಾಗಿರಲಿಲ್ಲ. ದಬ್ಬಾಳಿಕೆಯನ್ನು ಎದುರಿಸುತ್ತಿರುವ ಸ್ವತಂತ್ರ ಜನರಿಗೆಲ್ಲ ಬೆಂಬಲ ಕೊಡುವುದು ಅಮೆರಿಕದ ನೀತಿಯಾಗಬೇಕು ಎಂದುಬಿಟ್ಟರು.

ಕರಡು ನೋಡಿದಾಗಲೇ ಕೆನನ್ ಆಕ್ಷೇಪಿಸಿದ್ದರು. ಗ್ರೀಸಿಗೆ ನೆರವು ಸರಿ, ಜಗತ್ತಿಗೆಲ್ಲ ಯಾಕೆ ಮಾತು ಕೊಡುತ್ತೀರಿ? ಯಾರೂ ಕೇಳಲಿಲ್ಲ. ಪ್ರಜಾಪ್ರಭುತ್ವದಲ್ಲಿ ಮಹಾತಂತ್ರಕ್ಕಿರುವ ಕಷ್ಟ ಇದೇ. ಅದನ್ನು ಮತದಾರರಿಗೆ ಮಾರಬೇಕು. ಮಾರುವಾಗ ಹಿಗ್ಗಿಸಿ ಹೇಳಬೇಕಾಗುತ್ತದೆ. ಹಿಗ್ಗಿಸಿ ಹೇಳಿದ ಮಾತು ಹತ್ತು ವರ್ಷ ಕಳೆಯುವಷ್ಟರಲ್ಲಿ ಹೇಳಿದವರನ್ನೇ ಕಟ್ಟಿಹಾಕುತ್ತದೆ. ರಾಜನಿಗೆ ಅಥವಾ ಪಾಲಿಟ್‌ಬ್ಯೂರೋಗೆ ಈ ಕಷ್ಟವಿಲ್ಲ ಎನ್ನುವಂತಿಲ್ಲ. ಅವರು ತಮಗೆ ತಾವೇ ಹಿಗ್ಗಿಸಿ ಹೇಳಿಕೊಳ್ಳುತ್ತಾರೆ, ತಪ್ಪಿಸಲು ಪಕ್ಕದಲ್ಲಿ ಯಾರೂ ಇರುವುದಿಲ್ಲ.

ಆದರೂ ಆ ಮೊದಲ ಎರಡು ಮೂರು ವರ್ಷಗಳ ಕೆಲಸ ಅಚ್ಚುಕಟ್ಟಾಗಿತ್ತು. ಜನರಲ್ ಜಾರ್ಜ್ ಮಾರ್ಷಲ್ ವಿದೇಶಾಂಗ ಸಚಿವರಾದ ಮೇಲೆ ಇಲಾಖೆಯೊಳಗೆ ದೂರದ್ದನ್ನು ಮಾತ್ರ ಯೋಚಿಸಲು ಒಂದು ಸಣ್ಣ ತಂಡ ಕಟ್ಟಿ ಕೆನನ್ನರನ್ನು ಅದರ ಮುಖ್ಯಸ್ಥರನ್ನಾಗಿ ಮಾಡಿದರು. ಕ್ಷುಲ್ಲಕಗಳಿಗೆ ತಲೆಹಾಕಬೇಡಿ ಎಂಬುದೇ ಅವರು ಕೊಟ್ಟ ಸೂಚನೆಯಂತೆ. ಯುರೋಪಿಗಿದ್ದ ಅಪಾಯ ಕೆಂಪು ಸೇನೆಯ ಟ್ಯಾಂಕುಗಳಿಗಿಂತ ಹೆಚ್ಚಾಗಿ ಹಸಿವು ಮತ್ತು ಹತಾಶೆಯದು ಎಂದು ಆ ತಂಡ ಕಂಡಿತು. ಔಷಧವೂ ಆ ಕಾಯಿಲೆಗೆ ತಕ್ಕದ್ದೇ. 1947ರ ಜೂನ್ 5ರಂದು ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಮಾರ್ಷಲ್ ಪ್ರಸ್ತಾಪಿಸಿದ ನೆರವಿನ ಯೋಜನೆ ನಾಲ್ಕು ವರ್ಷಗಳಲ್ಲಿ ಸುಮಾರು 1,300 ಕೋಟಿ ಡಾಲರ್‌ಗಳನ್ನು ಪಶ್ಚಿಮ ಯುರೋಪಿಗೆ ಹರಿಸಿತು. ನೆರವನ್ನು ಇಡೀ ಯುರೋಪಿಗೆ, ಸೋವಿಯತ್ ಒಕ್ಕೂಟಕ್ಕೂ ತೆರೆದಿಟ್ಟದ್ದು ಅದರಲ್ಲಿನ ಜಾಣ್ಮೆ. ಬೇಡವೆನ್ನುವ ಹೊಣೆ ಸ್ಟಾಲಿನ್ನರ ತಲೆಗೆ ಬಂತು. ಸೋವಿಯತ್ ವಿದೇಶಾಂಗ ಸಚಿವ ಮೊಲೊಟೊವ್ ಪ್ಯಾರಿಸ್ಸಿನವರೆಗೆ ಬಂದು ಸಭೆ ಬಿಟ್ಟು ಹೋದರು. ಸೇರಲು ಒಪ್ಪಿದ್ದ ಚೆಕೊಸ್ಲೊವಾಕಿಯಾವನ್ನು ಮಾಸ್ಕೋ ಗದರಿಸಿ ಹಿಂದೆ ಎಳೆಯಿತು. ಯುರೋಪ್ ಇಬ್ಭಾಗವಾದದ್ದು ಯಾರಿಂದ ಎಂದು ಕೇಳಿದರೆ ಪ್ಯಾರಿಸ್ಸಿನ ಬೀದಿಯ ಮನುಷ್ಯನಿಗೂ ಉತ್ತರ ಸಿಕ್ಕಿತ್ತು.

1948ರಲ್ಲಿ ಯುಗೋಸ್ಲಾವಿಯಾದ ಟಿಟೊ ಸ್ಟಾಲಿನ್ನರ ಜೊತೆ ಜಗಳವಾಡಿ ಬೇರೆಯಾದಾಗ ಅಮೆರಿಕ ಸಿದ್ಧಾಂತದ ಪುಸ್ತಕ ಮಡಚಿಟ್ಟು ಆ ಕಮ್ಯುನಿಸ್ಟ್ ದೇಶಕ್ಕೆ ನೆರವು ಕೊಟ್ಟಿತು. ಗ್ರೀಕ್ ಗೆರಿಲ್ಲಾಗಳಿಗೆ ಆಸರೆಯಾಗಿದ್ದವನೇ ಟಿಟೊ. 1949ರಲ್ಲಿ ಅವನು ಗಡಿ ಮುಚ್ಚಿದ. ಅದೇ ವರ್ಷ ಗ್ರೀಸಿನ ಅಂತರ್ಯುದ್ಧ ಮುಗಿಯಿತು. ಟ್ರೂಮನ್ ಭಾಷಣದ ಅಕ್ಷರಕ್ಕೆ ಇದು ಹೊಂದುವುದಿಲ್ಲ, ಕೆನನ್ನರ ಲೆಕ್ಕಕ್ಕೆ ಸರಿಯಾಗಿ ಹೊಂದುತ್ತದೆ. ಹಾಗೆಂದು ಕೆನನ್ನರನ್ನು ಋಷಿ ಮಾಡಬೇಕಿಲ್ಲ. ಸಿಐಎಗೆ ಗುಪ್ತ ಕಾರ್ಯಾಚರಣೆಯ ಪರವಾನಗಿ ಕೊಡಿಸಿದವರಲ್ಲಿ ಅವರೂ ಒಬ್ಬರು. ಅದಕ್ಕಾಗಿ ಮುಂದೆ ಬಹಳ ಪರಿತಪಿಸಿದರು.

ಇಲ್ಲಿ ಮೈಸೂರಿನ ಒಂದು ಪುಸ್ತಕ ನೆನಪಾಗುತ್ತದೆ. 1905ರಲ್ಲಿ ಮೈಸೂರಿನ ಸರ್ಕಾರಿ ಪ್ರಾಚ್ಯ ಗ್ರಂಥಾಲಯಕ್ಕೆ ಬಂದ ತಾಳೆಗರಿಗಳ ನಡುವೆ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು. 1909ರಲ್ಲಿ ಅದು ಅಚ್ಚಾಯಿತು. ಅಲ್ಲಿಯವರೆಗೆ ಇತರ ಗ್ರಂಥಗಳ ಉಲ್ಲೇಖಗಳಲ್ಲಷ್ಟೇ ಬದುಕಿದ್ದ ಪುಸ್ತಕ ಅದು. ಇಂದು ಟಿವಿ ಚರ್ಚೆಗಳಲ್ಲಿ ಕೌಟಿಲ್ಯನ ಹೆಸರು ಬಂದರೆ ಕುಟಿಲೋಪಾಯ, ವಿಷಕನ್ಯೆ, ಶತ್ರುವಿನ ಶತ್ರು ಇಷ್ಟೇ. ಪುಸ್ತಕ ಬಿಡಿಸಿದರೆ ಎದುರಾಗುವುದು ಗಣಿ, ಸುಂಕ, ಉಗ್ರಾಣ, ಲೆಕ್ಕಪತ್ರ, ಕಳ್ಳಲೆಕ್ಕ ಬರೆಯುವ ಅಧಿಕಾರಿಗಳ ನಲವತ್ತು ಬಗೆ. ಯಾವ ಕಾರ್ಯಕ್ಕೂ ಮೊದಲು ಕೋಶ ಬೇಕೆನ್ನುತ್ತಾನೆ. ಸಂಧಿಯಿಂದಲೂ ಯುದ್ಧದಿಂದಲೂ ಬರುವ ಲಾಭ ಒಂದೇ ಆಗಿದ್ದರೆ ಸಂಧಿಯನ್ನೇ ಆರಿಸಿಕೊ, ಯುದ್ಧದಲ್ಲಿ ಸೈನಿಕರೂ ಹಣವೂ ಹೋಗುತ್ತವೆ ಎಂದು ಲೆಕ್ಕಿಗನಂತೆ ಹೇಳುತ್ತಾನೆ. ಅವನ ಆರು ಬಗೆಯ ವಿದೇಶ ನೀತಿಗಳಲ್ಲಿ ಆಸನವೂ ಒಂದು, ಕದಲದೆ ಕೂತಿರುವುದು. ಸುಮ್ಮನಿರುವುದನ್ನೂ ಒಂದು ನೀತಿಯೆಂದು ಪಟ್ಟಿಗೆ ಸೇರಿಸಿದವನಿಗೆ ವಾಷಿಂಗ್ಟನ್ನಿನ ಮುಂದಿನ ಕಥೆ ವಿಚಿತ್ರವಾಗಿ ಕಾಣುತ್ತಿತ್ತು.

ಏಕೆಂದರೆ 1949ರ ಕೊನೆಗೆ ವಾಷಿಂಗ್ಟನ್ನಿಗೆ ಸುಮ್ಮನಿರುವುದು ಅಸಾಧ್ಯವಾಯಿತು. ಆಗಸ್ಟಿನಲ್ಲಿ ಸೋವಿಯತ್ ಅಣುಬಾಂಬ್ ಸಿಡಿಯಿತು. ಅಕ್ಟೋಬರ್ 1ರಂದು ಮಾವೊ ಚೀನಾ ಜನತಾ ಗಣರಾಜ್ಯ ಘೋಷಿಸಿದರು. ಚೀನಾವನ್ನು ಕಳೆದುಕೊಂಡವರು ಯಾರು ಎಂಬ ಕೂಗೆದ್ದಿತು, ಚೀನಾ ಅಮೆರಿಕದ ಜೇಬಿನಲ್ಲಿತ್ತು ಎನ್ನುವ ಹಾಗೆ. ಆಗ ವಿದೇಶಾಂಗ ಸಚಿವರಾಗಿದ್ದ ಅಚೆಸನ್ 1950ರ ಜನವರಿ 12ರಂದು ಪತ್ರಕರ್ತರ ಸಂಘದಲ್ಲಿ ಮಾತಾಡುತ್ತ ಪೆಸಿಫಿಕ್ಕಿನಲ್ಲಿ ಅಮೆರಿಕದ ರಕ್ಷಣಾ ರೇಖೆ ಎಲ್ಲಿ ಹಾಯುತ್ತದೆಂದು ವಿವರಿಸಿದರು. ಅಲೂಷಿಯನ್ ದ್ವೀಪಗಳು, ಜಪಾನ್, ಫಿಲಿಪ್ಪೀನ್ಸ್. ಕೊರಿಯಾ ಹೊರಗೆ. ಆರು ತಿಂಗಳೊಳಗೆ, ಜೂನ್ 25ರಂದು, ಉತ್ತರ ಕೊರಿಯಾದ ಸೈನ್ಯ ಗಡಿ ದಾಟಿತು. ಭಾಷಣದಿಂದಲೇ ದಾಳಿಯಾಯಿತೆಂದು ಹೇಳುವುದು ಸರಳೀಕರಣ. ಆದರೆ ಹೊರಗಿಟ್ಟದ್ದನ್ನು ಬಾಯಿಬಿಟ್ಟು ಹೇಳಿದರೆ ಎದುರಾಳಿಗೆ ಆಹ್ವಾನವಿತ್ತಂತೆ, ಹೇಳದಿದ್ದರೆ ಮನೆಯವರು ಎಲ್ಲವನ್ನೂ ಕಾಯಬೇಕೆಂದು ತಿಳಿಯುತ್ತಾರೆ. ಈ ಇಕ್ಕಟ್ಟಿಗೆ ಇಂದಿಗೂ ಯಾರೂ ಒಳ್ಳೆಯ ಪರಿಹಾರ ಕಂಡುಹಿಡಿದಿಲ್ಲ.

ಅಷ್ಟರಲ್ಲಿ ಕೆನನ್ನರ ಕುರ್ಚಿಗೆ ಪಾಲ್ ನಿಟ್ಸೆ ಬಂದಿದ್ದರು. 1950ರ ಏಪ್ರಿಲ್‌ನಲ್ಲಿ ಅವರ ತಂಡ ಸಿದ್ಧಪಡಿಸಿದ ಎನ್‌ಎಸ್‌ಸಿ-68 ಎಂಬ ರಹಸ್ಯ ದಾಖಲೆ ಕೆನನ್ನರ ಐದು ಕೇಂದ್ರಗಳ ಲೆಕ್ಕವನ್ನು ಅಳಿಸಿಹಾಕಿತು. ಸ್ವಾತಂತ್ರ್ಯಕ್ಕೆ ಎಲ್ಲಿ ಸೋಲಾದರೂ ಅದು ಎಲ್ಲೆಡೆಯ ಸೋಲು ಎಂಬ ಧಾಟಿ ಅದರದು. ಎಷ್ಟು ಖರ್ಚಾಗುತ್ತದೆಂದು ಅದರಲ್ಲಿ ಬರೆದಿರಲಿಲ್ಲ; ಬೇಕೆಂದೇ ಬಿಟ್ಟಿದ್ದರು. ರಕ್ಷಣಾ ವೆಚ್ಚವನ್ನು 1,300 ಕೋಟಿ ಡಾಲರ್ ಆಸುಪಾಸಿನಲ್ಲಿ ಹಿಡಿದಿಟ್ಟಿದ್ದ ಟ್ರೂಮನ್ ಮೊದಲು ಸಹಿ ಹಾಕದೆ ಖರ್ಚಿನ ಲೆಕ್ಕ ಕೇಳಿದರು. ಕೊರಿಯಾ ಯುದ್ಧ ಶುರುವಾದ ಮೇಲೆ ಕೇಳುವವರಿರಲಿಲ್ಲ. ಮೂರು ವರ್ಷಗಳೊಳಗೆ ವೆಚ್ಚ ಸುಮಾರು 5,000 ಕೋಟಿಗೆ ಏರಿತು.

ಆ ಯುದ್ಧದಲ್ಲಿ ಭಾರತದ ಪಾತ್ರ ಸಣ್ಣದು, ಆದರೆ ಹೇಳಲೇಬೇಕಾದದ್ದು. 1950ರ ಅಕ್ಟೋಬರ್ ಮೊದಲ ವಾರ ಚೀನಾದ ಪ್ರಧಾನಿ ಚೌ ಎನ್‌ಲಾಯ್ ನಮ್ಮ ರಾಯಭಾರಿ ಕೆ.ಎಂ. ಪಣಿಕ್ಕರ್ ಅವರನ್ನು ನಡುರಾತ್ರಿ ಕರೆಸಿ, ಅಮೆರಿಕನ್ನರು ಎರಡು ಕೊರಿಯಾಗಳ ಗಡಿಯಾದ 38ನೆಯ ಅಕ್ಷಾಂಶ ದಾಟಿದರೆ ಚೀನಾ ಯುದ್ಧಕ್ಕಿಳಿಯುತ್ತದೆ ಎಂದರು. ದೆಹಲಿ ಅದನ್ನು ಮುಟ್ಟಿಸಿತು. ಪಣಿಕ್ಕರ್ ಕಮ್ಯುನಿಸ್ಟರ ಪರ ಎಂದು ವಾಷಿಂಗ್ಟನ್ ಮೂಗು ಮುರಿಯಿತು. ಕೆಲವೇ ವಾರಗಳಲ್ಲಿ ಚೀನಾದ ಲಕ್ಷಾಂತರ ಸೈನಿಕರು ಯಾಲು ನದಿ ದಾಟಿ ಬಂದರು. 1953ರಲ್ಲಿ ಕದನವಿರಾಮವಾದ ಮೇಲೆ, ತಾಯ್ನಾಡಿಗೆ ಮರಳಲು ಒಪ್ಪದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳ ಗತಿಯನ್ನು ನೋಡಿಕೊಳ್ಳಲು ನೇಮಿಸಿದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾದವರು ಕೊಡಗಿನ ಕೆ.ಎಸ್. ತಿಮ್ಮಯ್ಯ. ಎರಡೂ ಬಣಗಳು ನಂಬಬಲ್ಲ ದೇಶ ಬೇಕಾದಾಗ ಅಲಿಪ್ತ ನೀತಿಗೆ ಬೆಲೆ ಇತ್ತು.

ಅಮೆರಿಕದಲ್ಲಿ ಹದ್ದು ಮೀರಿದ ಲೆಕ್ಕವನ್ನು ಮತ್ತೆ ಹದ್ದಿಗೆ ತಂದವರು ಒಬ್ಬ ಸೈನಿಕ. 1953ರಲ್ಲಿ ಅಧ್ಯಕ್ಷರಾದ ಐಸೆನ್‌ಹೋವರ್‌ಗೆ ಯುದ್ಧಕ್ಕಿಂತ ದಿವಾಳಿತನದ ಹೆದರಿಕೆ ಹೆಚ್ಚಿತ್ತು. ಸೈನ್ಯಕ್ಕೆ ಸುರಿದ ಹಣ ದೇಶದ ಆರ್ಥಿಕತೆಯನ್ನೇ ತಿಂದರೆ ಕಾಪಾಡಲು ಏನು ಉಳಿಯುತ್ತದೆ ಎಂಬುದು ಅವರ ಪ್ರಶ್ನೆ. ಶ್ವೇತಭವನದ ಬಿಸಿಲುಕೋಣೆಯಲ್ಲಿ ಹುಟ್ಟಿದ್ದರಿಂದ 'ಸೋಲೇರಿಯಂ' ಎಂದು ಹೆಸರಾದ ಕಸರತ್ತೊಂದನ್ನು ಅವರು ಮಾಡಿಸಿದರು. ಮೂರು ತಂಡ, ಮೂರು ವಾದ. ಮೊದಲನೆಯದು ಮಿತ್ರರನ್ನು ಸೇರಿಸಿಕೊಂಡು ತಾಳ್ಮೆಯಿಂದ ತಡೆಯುವುದು; ಎರಡನೆಯದು ಗೆರೆ ಎಳೆದು, ದಾಟಿದರೆ ಅಣ್ವಸ್ತ್ರ ಎನ್ನುವುದು; ಮೂರನೆಯದು ಪೂರ್ವ ಯುರೋಪಿನಿಂದ ರಷ್ಯಾವನ್ನು ಹಿಂದಕ್ಕೆ ನೂಕುವುದು. ತಂಡಗಳು ಕೆಲವು ವಾರ ಮುಚ್ಚಿದ ಬಾಗಿಲಿನ ಹಿಂದೆ ಕೂತು, ಜುಲೈನಲ್ಲಿ ಇಡೀ ಸರ್ಕಾರದ ಮುಂದೆ ವಾದ ಮಂಡಿಸಿದವು. ಮೊದಲ ತಂಡದ ಮುಖ್ಯಸ್ಥರು ಯಾರು? ಜಾನ್ ಫಾಸ್ಟರ್ ಡಲ್ಲಸ್ ವಿದೇಶಾಂಗ ಸಚಿವರಾದ ಕೂಡಲೇ ಮನೆಗೆ ಕಳಿಸಿದ್ದ ಅದೇ ಕೆನನ್. ತಡೆನೀತಿಯನ್ನು ಅನೈತಿಕವೆಂದು ಚುನಾವಣೆಯಲ್ಲಿ ಜರೆದಿದ್ದ ಡಲ್ಲಸ್ ಮುಂದಿನ ಸಾಲಿನಲ್ಲಿ ಕೂತು ಅದೇ ನೀತಿಯ ಸಮರ್ಥನೆಯನ್ನು ಕೇಳಿಸಿಕೊಳ್ಳಬೇಕಾಯಿತು. ಆ ಗಳಿಗೆಯ ಸುಖವನ್ನು ಕೆನನ್ ಆತ್ಮಕಥೆಯಲ್ಲಿ ಬಚ್ಚಿಟ್ಟಿಲ್ಲ.

ಕೊನೆಗೆ ಐಸೆನ್‌ಹೋವರ್ ಎದ್ದು ನಿಂತು ಮೂರೂ ವಾದಗಳನ್ನು ತಾವೇ ತೂಗಿ ಮಾತಾಡಿದರು. ಹಿಂದಕ್ಕೆ ನೂಕುವ ಮಾತು ಚುನಾವಣೆಗಷ್ಟೇ ಉಳಿಯಿತು. ಮುಂದಿನ ವರ್ಷ ವಿಯೆಟ್ನಾಮಿನ ದಿಯೆನ್ ಬಿಯೆನ್ ಫುನಲ್ಲಿ ಫ್ರೆಂಚರು ಮುತ್ತಿಗೆಗೆ ಸಿಕ್ಕಿ ಸಹಾಯ ಬೇಡಿದಾಗಲೂ ಅವರು ಸೈನ್ಯ ಕಳಿಸಲಿಲ್ಲ. ಅವರ ದೌರ್ಬಲ್ಯ ಬೇರೆಡೆ ಇತ್ತು. ಅಗ್ಗವೆಂಬ ಕಾರಣಕ್ಕೆ ಇರಾನಿನಲ್ಲಿ 1953ರಲ್ಲಿ, ಗ್ವಾಟೆಮಾಲಾದಲ್ಲಿ 1954ರಲ್ಲಿ ಚುನಾಯಿತ ಸರ್ಕಾರಗಳನ್ನು ಗುಪ್ತವಾಗಿ ಉರುಳಿಸಿದರು. ಇರಾನ್ ಆ ಸಾಲವನ್ನು ಬಡ್ಡಿಸಮೇತ ವಸೂಲು ಮಾಡುತ್ತಲೇ ಇದೆ.

ಅವರ ನಂತರ ಬಂದ ಕೆನಡಿ, ಯಾವ ಬೆಲೆಯನ್ನಾದರೂ ತೆರುತ್ತೇವೆ ಎಂದರು. ಅಮೆರಿಕ ತೆತ್ತಿತು. ಐದು ಕೇಂದ್ರಗಳಲ್ಲಿ ಯಾವುದೂ ಅಲ್ಲದ ವಿಯೆಟ್ನಾಮಿನಲ್ಲಿ ಐದು ಲಕ್ಷಕ್ಕೂ ಹೆಚ್ಚು ಸೈನಿಕರು ನಿಂತರು, 58,000ಕ್ಕೂ ಹೆಚ್ಚು ಅಮೆರಿಕನ್ನರು ಸತ್ತರು. ಸತ್ತ ವಿಯೆಟ್ನಾಮಿಗಳ ಸಂಖ್ಯೆ ಅದರ ಎಷ್ಟೋ ಪಟ್ಟು. 1966ರ ಫೆಬ್ರವರಿಯಲ್ಲಿ ಕೆನನ್ ಸೆನೆಟ್ ಸಮಿತಿಯ ಮುಂದೆ ಹಾಜರಾಗಿ, ತನ್ನ ಹೆಸರಿನ ನೀತಿಗೂ ಈ ಯುದ್ಧಕ್ಕೂ ಸಂಬಂಧವಿಲ್ಲ, ಅಲ್ಲಿಂದ ಹೊರಬರುವ ದಾರಿ ನೋಡಿ ಎಂದರು. ಸಿಬಿಎಸ್ ವಾಹಿನಿ ಆ ಸಾಕ್ಷ್ಯವನ್ನು ನೇರ ಪ್ರಸಾರ ಮಾಡದೆ ಹಳೆಯ ಹಾಸ್ಯ ಧಾರಾವಾಹಿಯ ಮರುಪ್ರಸಾರ ಹಾಕಿತು. ಅದರ ಸುದ್ದಿ ವಿಭಾಗದ ಮುಖ್ಯಸ್ಥ ಫ್ರೆಡ್ ಫ್ರೆಂಡ್ಲಿ ಪ್ರತಿಭಟಿಸಿ ರಾಜೀನಾಮೆ ಕೊಟ್ಟರು.

ಅಧ್ಯಕ್ಷ ನಿಕ್ಸನ್ ಮತ್ತು ಅವರ ಭದ್ರತಾ ಸಲಹೆಗಾರ ಕಿಸಿಂಜರ್ ಕಾಲಕ್ಕೆ ಅಮೆರಿಕ ಮತ್ತೆ ತನ್ನ ಹಾಸಿಗೆಯ ಅಳತೆ ನೋಡಿಕೊಂಡಿತು. ಆ ಅಳತೆಯ ಕೋಲು ನಮ್ಮ ಬೆನ್ನಿಗೂ ತಗಲಿತು. ರಷ್ಯಾವನ್ನು ತಡೆಯಲು ಚೀನಾವನ್ನೇ ಜೊತೆಗೆಳೆದುಕೊಳ್ಳುವುದು ಅವರ ಯೋಚನೆ. ಅದಕ್ಕೆ ಸೇತುವೆ ಪಾಕಿಸ್ತಾನ. 1971ರ ಜುಲೈನಲ್ಲಿ ಕಿಸಿಂಜರ್ ಇಸ್ಲಾಮಾಬಾದಿನಲ್ಲಿ ಹೊಟ್ಟೆನೋವಿನ ನಾಟಕವಾಡಿ ಬೀಜಿಂಗಿಗೆ ಹಾರಿದರು. ಆ ಪಾಕಿಸ್ತಾನದ ಭಾಗವೇ ಆಗಿದ್ದ ಪೂರ್ವ ಬಂಗಾಳದಿಂದ ಭಾರತಕ್ಕೆ ನಿರಾಶ್ರಿತರು ಹರಿದುಬರುತ್ತಿದ್ದ ಹೊತ್ತದು. ವರ್ಷಾಂತ್ಯಕ್ಕೆ ಅವರ ಸಂಖ್ಯೆ ಒಂದು ಕೋಟಿಯ ಹತ್ತಿರ ಹೋಯಿತು.

ಈ ಇಕ್ಕಟ್ಟನ್ನು ಭಾರತ ಹೇಗೆ ನಿಭಾಯಿಸಿತು? ಭಾರತಕ್ಕೆ ದೂರಾಲೋಚನೆಯ ಪರಂಪರೆಯೇ ಇಲ್ಲ ಎಂದು ಅಮೆರಿಕದ ರ‍್ಯಾಂಡ್ ಸಂಸ್ಥೆಯ ಜಾರ್ಜ್ ಟ್ಯಾನ್‌ಹ್ಯಾಮ್ 1992ರಲ್ಲಿ ಬರೆದ ಪ್ರಬಂಧ ನಮ್ಮಲ್ಲಿ ಬಹಳ ಚರ್ಚೆಯಾಯಿತು. ಚೀನಾ ಯುದ್ಧದ 1962ನ್ನು ನೋಡಿದರೆ ಅವರಿಗೆ ಪುರಾವೆ ಸಿಗುತ್ತದೆ. ರಸ್ತೆಯಿಲ್ಲದ, ರೇಷನ್ ಮುಟ್ಟದ ಹಿಮಾಲಯದ ತುದಿಗಳಲ್ಲಿ ಠಾಣೆ ಹಾಕುತ್ತ ಹೋದೆವು, ಚೀನಾ ಹೊಡೆಯುವುದಿಲ್ಲ ಎಂಬ ಭರವಸೆಯೇ ಬಂಡವಾಳ. 1971ನ್ನು ನೋಡಿದರೆ ಮಾತ್ರ ಟ್ಯಾನ್‌ಹ್ಯಾಮ್ ವಾದ ನಿಲ್ಲುವುದಿಲ್ಲ. ಸೋವಿಯತ್ ಒಕ್ಕೂಟ 1969ರಿಂದಲೂ ಮುಂದಿಟ್ಟಿದ್ದ, ದೆಹಲಿ ಮುಂದೂಡುತ್ತಲೇ ಬಂದಿದ್ದ ಮೈತ್ರಿ ಒಪ್ಪಂದಕ್ಕೆ ಕಿಸಿಂಜರ್ ಪ್ರಯಾಣದ ನಂತರ, ಆಗಸ್ಟ್ 9ರಂದು ಸಹಿ ಬಿತ್ತು. ಸೈನ್ಯಕ್ಕೆ ಸಿದ್ಧತೆಗೆ ಬೇಕಾದ ತಿಂಗಳುಗಳು ಸಿಕ್ಕವು. ಮಳೆಗಾಲ ಕಳೆದು, ಹಿಮಾಲಯದ ಕಣಿವೆಗಳು ಹಿಮದಿಂದ ಮುಚ್ಚಿ ಚೀನಾ ಇಳಿದುಬರುವುದು ಕಷ್ಟವಾಗುವ ಕಾಲ ಬಂತು. ಇಂದಿರಾ ಗಾಂಧಿ ಅಕ್ಟೋಬರ್-ನವೆಂಬರಿನಲ್ಲಿ ಪಶ್ಚಿಮದ ರಾಜಧಾನಿಗಳನ್ನು ಸುತ್ತಿಬಂದರು. ಡಿಸೆಂಬರಿನಲ್ಲಿ ಯುದ್ಧ ನಡೆಯುವಾಗ ಅಮೆರಿಕದ ಎಂಟರ್‌ಪ್ರೈಸ್ ಹಡಗು ಬಂಗಾಳಕೊಲ್ಲಿಯತ್ತ ಹೊರಟಾಗ, ಭದ್ರತಾ ಮಂಡಳಿಯಲ್ಲಿ ಸೋವಿಯತ್ ವೀಟೊ ಮತ್ತೆ ಮತ್ತೆ ಬಿದ್ದು ಢಾಕಾ ತಲುಪಲು ನಮ್ಮ ಸೈನ್ಯಕ್ಕೆ ಸಮಯ ದೊರೆಯಿತು.

ನನ್ನ ಮಟ್ಟಿಗೆ ಆ ವರ್ಷದ ದೊಡ್ಡ ನಿರ್ಧಾರ ಡಿಸೆಂಬರ್ 16ರ ಗೆಲುವಿನದ್ದಲ್ಲ, ಮರುದಿನ ಜಾರಿಗೆ ಬಂದದ್ದು. ಢಾಕಾ ಶರಣಾದ ಮೇಲೆ ಪಶ್ಚಿಮದ ಗಡಿಯಲ್ಲಿ ಇನ್ನೂ ಮುನ್ನುಗ್ಗಬೇಕೆನ್ನುವವರು ಇದ್ದರು. ಭಾರತ ಏಕಪಕ್ಷೀಯವಾಗಿ ಕದನವಿರಾಮ ಘೋಷಿಸಿತು. ಗುರಿ ಪೂರ್ವದಲ್ಲಿತ್ತು, ಅದು ಮುಗಿದಿತ್ತು. ಇರಾಕಿನ ಯುಫ್ರಟೀಸ್ ದಂಡೆಯಲ್ಲಾಗಲೀ ಅಫ್ಘಾನಿಸ್ತಾನದ ಹೆಲ್ಮಂಡ್ ಕಣಿವೆಯಲ್ಲಾಗಲೀ ಅಮೆರಿಕಕ್ಕೆ ಹೀಗೆ ನಿಲ್ಲುವುದು ಸಾಧ್ಯವಾಗಲಿಲ್ಲ.

ಇಂದಿನ ಭಾರತದ ಲೆಕ್ಕ ಯಾವುದು? ಅಮೆರಿಕ, ಬ್ರಿಟನ್, ಜಪಾನ್ ತಮ್ಮ ರಾಷ್ಟ್ರೀಯ ಭದ್ರತಾ ನೀತಿಯನ್ನು ಅಚ್ಚುಹಾಕಿ ಹಂಚುತ್ತವೆ. ನಮ್ಮಲ್ಲಿ ಅಂಥ ಪ್ರಕಟಿತ ದಾಖಲೆಯೇ ಇಲ್ಲ. ಬರೆದಿಟ್ಟರೆ ಕೈಕಟ್ಟುತ್ತದೆ ಎಂಬ ವಾದ ಅಚೆಸನ್ ಕಥೆ ಗೊತ್ತಿದ್ದವರಿಗೆ ತೀರ ಪೊಳ್ಳೆನಿಸದು. ಆದರೆ ಬರೆಯದಿದ್ದರೆ ಬಿಡಬೇಕಾದದ್ದನ್ನು ಬಿಡುವ ಕಷ್ಟವೂ ತಪ್ಪುತ್ತದೆ. ಬೆಟ್ಟವೂ ಬೇಕು, ಸಮುದ್ರವೂ ಬೇಕು ಎನ್ನುತ್ತ ಇರಬಹುದು.

ಕಾರವಾರದವರಿಗೆ ಇದು ಪುಸ್ತಕದ ಮಾತಲ್ಲ. ಮುಂಬಯಿ ಬಂದರು ಇಕ್ಕಟ್ಟಾಗಿದೆ, ಪಶ್ಚಿಮ ಕರಾವಳಿಯಲ್ಲಿ ನೌಕಾಪಡೆಗೇ ಮೀಸಲಾದ ನೆಲೆ ಬೇಕು ಎಂಬ ಯೋಚನೆಗೆ 1980ರ ದಶಕದಲ್ಲಿ ರೂಪ ಬಂತು. 1986ರಲ್ಲಿ ರಾಜೀವ್ ಗಾಂಧಿ 'ಸೀಬರ್ಡ್' ಯೋಜನೆಗೆ ಅಡಿಗಲ್ಲು ಹಾಕಿದರು. ನಡುವೆ ಹಣವಿಲ್ಲದ ವರ್ಷಗಳು ಬಂದವು. ಕದಂಬ ಹೆಸರಿನ ನೆಲೆ ಕಾರ್ಯಾರಂಭ ಮಾಡಿದ್ದು 2005ರಲ್ಲಿ. ಜಾಗ ಬಿಟ್ಟುಕೊಟ್ಟ ರೈತರು, ಮೀನುಗಾರರು ಪರಿಹಾರಕ್ಕಾಗಿ ಅಲ್ಲಿಂದ ಮುಂದೆಯೂ ಕೋರ್ಟು ಅಲೆದರು. ಎರಡನೆಯ ಹಂತದ ವಿಸ್ತರಣೆ ನಡೆದು, ವಿಮಾನವಾಹಕ ಹಡಗು ನಿಲ್ಲುವ ಜಾಗವಾಗಿದೆ ಅದು. ಹಿಂದೂ ಮಹಾಸಾಗರವೇ ನಮ್ಮ ಭವಿಷ್ಯ ಎಂದು ಎಲ್ಲ ಸರ್ಕಾರಗಳೂ ಭಾಷಣ ಮಾಡಿವೆ. ಆದರೆ ಚೀನಾ ಸೈನಿಕರೊಂದಿಗಿನ ಘರ್ಷಣೆಯಲ್ಲಿ 2020ರ ಜೂನ್‌ನಲ್ಲಿ ಗಲ್ವಾನ್‌ನಲ್ಲಿ 20 ಸೈನಿಕರನ್ನು ಕಳೆದುಕೊಂಡ ಮೇಲೆ ಸೈನ್ಯವೂ ಸಾಮಗ್ರಿಯೂ ಲಡಾಖಿನತ್ತ ಹರಿದವು. ಹರಿಯದೆ ಗತಿಯೂ ಇರಲಿಲ್ಲ. ಮೂರು ಪಡೆಗಳ ಪೈಕಿ ನೌಕಾಪಡೆಯ ಪಾಲು ಬಹುಕಾಲದಿಂದ ಎಲ್ಲಕ್ಕಿಂತ ಚಿಕ್ಕದು. ಬೆಟ್ಟವೋ ಸಮುದ್ರವೋ ಎಂಬ ಆಯ್ಕೆಯನ್ನು ದೆಹಲಿ ಎಲ್ಲೂ ಬಾಯಿಬಿಟ್ಟು ಹೇಳಿಲ್ಲ. ತಿಳಿಯಬೇಕೆನ್ನುವವರು ಪ್ರತಿ ಫೆಬ್ರವರಿ 1ರಂದು ಬಜೆಟ್ ಭಾಷಣ ಮುಗಿದ ಮೇಲೆ, ರಕ್ಷಣಾ ಇಲಾಖೆಯ ಅನುದಾನದ ಕೋಷ್ಟಕ ತೆಗೆದು ಮೂರು ಪಡೆಗಳ ಸಾಲುಗಳನ್ನು ಹೋಲಿಸಿಕೊಳ್ಳಬೇಕು.